ಓಟು ಕೇಳಿ ಬಂದ ನ್ಯಾಯಮೂರ್ತಿ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ನ್ಯಾಯಮೂರ್ತಿ ಅಲನ್ ಪೇಜ್ ಬಗ್ಗೆ ಎರಡು ಸಾಲು ಬರೆದು ಕೈತೊಳೆದುಕೊಂಡಿದ್ದೀರಿ. ಚೆಂಡಾಟದವರು ಓಟಿಗೆ ನಿಂತು ಸುಪ್ರೀಂ ಕೋರ್ಟ್ ಜಡ್ಜ್ ಆಗುವುದೆಂದರೇನು? ಓಟು ಹಾಕಿದವನೇ ನಾಳೆ ಕಕ್ಷಿದಾರನಾಗಿ ಎದುರು ನಿಂತರೆ? ಫೋಟೊದಲ್ಲಿ ಅವರ ಕಿರುಬೆರಳು ಸೊಟ್ಟಗಿದೆ, ಅದು ಮುದ್ರಣದೋಷವೇ?
(ನಿವೃತ್ತ ಶಿರಸ್ತೇದಾರರು, ಗದಗ)

ಸಂಪಾದಕರ ಉತ್ತರ:

ಶಿರಸ್ತೇದಾರ್ ಸಾಹೇಬರೇ, ಎರಡು ಸಾಲಿನ ತಪ್ಪು ನಮ್ಮದೇ. ಜಾಹೀರಾತು ಬಂದ ದಿನ ಮೊದಲು ಕತ್ತರಿ ಬೀಳುವುದು ಇಂಥ ಬರಹಕ್ಕೇ.

ಮೊದಲು ಚೆಂಡಾಟದ ಮಾತು. ಇದು ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಮೈಮೇಲೆ ಬಿದ್ದು ಕೆಡಹುವ ಅಮೆರಿಕನ್ ಫುಟ್‌ಬಾಲ್. ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೋದ ಕ್ಯಾಂಟನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ಕಪ್ಪು ಜನಾಂಗದ ಕುಟುಂಬ, ಓದೇ ದಾರಿ ಎಂದು ನಂಬಿದ ತಂದೆತಾಯಿ. ಆ ಊರಲ್ಲೇ ಫುಟ್‌ಬಾಲ್ ದಿಗ್ಗಜರ ಸ್ಮಾರಕಭವನ ಕಟ್ಟುವಾಗ ಈ ಹುಡುಗ ಅಲ್ಲಿ ಕೂಲಿ ಕೆಲಸ ಮಾಡಿದ್ದ. 1988ರಲ್ಲಿ ಅದೇ ಭವನದೊಳಗೆ ಅವರಿಗೂ ಜಾಗ ಸಿಕ್ಕಿತು. 1967ರಿಂದ ಮಿನ್ನೆಸೋಟ ವೈಕಿಂಗ್ಸ್ ತಂಡಕ್ಕೆ, ಆಮೇಲೆ 1981ರವರೆಗೆ ಶಿಕಾಗೋ ತಂಡಕ್ಕೆ ಆಡಿದರು. 1971ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ರಕ್ಷಣಾ ಸಾಲಿನ ಆಟಗಾರನಿಗೆ ಆ ಮಾನ ಸಂದಿದ್ದು ಅದೇ ಮೊದಲು.

ನನಗೆ ದೊಡ್ಡದೆನಿಸುವುದು ಅದಲ್ಲ. ಆಟ ಜೋರಾಗಿ ನಡೆದಿರುವಾಗಲೇ ಅವರು ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. ಆಮೇಲೆ ವಕೀಲಿಕೆ, ರಾಜ್ಯದ ಅಟಾರ್ನಿ ಜನರಲ್ ಕಚೇರಿಯಲ್ಲಿ ಸರ್ಕಾರಿ ವಕೀಲರ ಕೆಲಸ. ಮೈದಾನದಿಂದ ನೇರ ಪೀಠಕ್ಕೆ ಹಾರಿದವರಲ್ಲ.

ಇನ್ನು ಓಟು. ಅಮೆರಿಕದ ಕೇಂದ್ರ ನ್ಯಾಯಾಲಯಗಳಿಗೆ ಅಧ್ಯಕ್ಷರೇ ನೇಮಕ ಮಾಡುತ್ತಾರೆ. ರಾಜ್ಯಗಳ ಕಥೆ ಬೇರೆ, ಅವಕ್ಕೆ ತಮ್ಮದೇ ಸುಪ್ರೀಂ ಕೋರ್ಟ್ ಉಂಟು, ಪೇಜ್ ಕೂತದ್ದು ಅಂಥದ್ದೊಂದರಲ್ಲಿ. ಅಲ್ಲಿ ಬಹುಪಾಲು ಕಡೆ ಒಂದಲ್ಲ ಒಂದು ಬಗೆಯ ಚುನಾವಣೆ ಇದೆ. ಮಿನ್ನೆಸೋಟದಲ್ಲಿ ಆರು ವರ್ಷದ ಅವಧಿ, ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ಆದರೆ ಕಾಗದದ ಮೇಲಿನ ಚುನಾವಣೆ ನೆಲದ ಮೇಲೆ ನಡೆಯುವುದು ಕಮ್ಮಿ. ಕೂತವರು ಅವಧಿಯ ನಡುವೆಯೇ ನಿವೃತ್ತಿ ತಗೊಳ್ಳುತ್ತಾರೆ, ಗವರ್ನರ್ ತಮಗೆ ಬೇಕಾದವರನ್ನು ತುಂಬುತ್ತಾರೆ. ಮುಂದಿನ ಚುನಾವಣೆಗೆ ಅವರು ಹಾಲಿ ನ್ಯಾಯಮೂರ್ತಿಯಾಗಿಯೇ ನಿಲ್ಲುತ್ತಾರೆ.

1992ರಲ್ಲಿ ಪೇಜ್ ನಿಲ್ಲಲು ಹೊರಟಾಗ ಆ ಸ್ಥಾನದಲ್ಲಿದ್ದ ನ್ಯಾಯಮೂರ್ತಿಯ ಅವಧಿಯನ್ನೇ ಗವರ್ನರ್ ಅರ್ನಿ ಕಾರ್ಲ್ಸನ್ ವಿಸ್ತರಿಸಿದರು. ಅಲ್ಲಿಗೆ ಚುನಾವಣೆಯೇ ಇಲ್ಲ! ಪೇಜ್ ದಾವೆ ಹೂಡಿದರು. ತಮ್ಮದೇ ಸಹೋದ್ಯೋಗಿಯ ಕುರ್ಚಿಯ ವಿಚಾರವಾದ್ದರಿಂದ ಹಾಲಿ ನ್ಯಾಯಮೂರ್ತಿಗಳು ಬದಿಗೆ ಸರಿದರು, ಬದಲಿ ಪೀಠ ಕೇಳಿತು. ಚುನಾವಣೆ ನಡೆಯಲೇಬೇಕೆಂದು ತೀರ್ಪು ಬಂತು. ಪೇಜ್ ಗೆದ್ದರು, ಆ ಪೀಠದ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ನೀವು ಎಷ್ಟೋ ಕಡತ ಕಟ್ಟಿದ್ದೀರಿ, ಜಡ್ಜ್ ಆಗುವ ಹಕ್ಕಿಗೇ ಕೇಸು ಹಾಕಿದ ಅಭ್ಯರ್ಥಿಯ ಕಡತ ನಿಮ್ಮ ಮೇಜಿಗೆ ಬಂದಿರಲಾರದು.

ಆಟದ ಹೆಸರಿನಿಂದ ಓಟು ಬಿದ್ದಿಲ್ಲವೇ ಎಂದರೆ, ಬಿದ್ದಿದೆ, ಸುಳ್ಳೇಕೆ ಹೇಳಲಿ. ಆದರೆ 1998, 2004, 2010ರಲ್ಲೂ ಜನ ಆರಿಸಿದರು. ಅಷ್ಟು ಹೊತ್ತಿಗೆ ಆಟ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆಟ ನೋಡದ ಒಂದು ತಲೆಮಾರೇ ಓಟು ಹಾಕುವ ವಯಸ್ಸಿಗೆ ಬಂದಿತ್ತು.

ಕಕ್ಷಿದಾರನ ಕುರಿತ ನಿಮ್ಮ ಅನುಮಾನ ನನಗೂ ಇದೆ. ಇಂಥ ಅಭ್ಯರ್ಥಿಗಳು ವಿವಾದದ ವಿಷಯಗಳಲ್ಲಿ ಅಭಿಪ್ರಾಯ ಹೇಳಬಾರದೆಂಬ ನಿಯಮ ಮಿನ್ನೆಸೋಟದಲ್ಲಿತ್ತು. 2002ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಅದನ್ನು ತೆಗೆದುಹಾಕಿತು. ನಾನಾಗಿದ್ದರೆ ಉಳಿಸುತ್ತಿದ್ದೆ. ಹಾಗಂತ ನಮ್ಮ ಕೊಲಿಜಿಯಂ, ಅಂದರೆ ಜಡ್ಜ್‌ಗಳನ್ನು ಆರಿಸುವ ಹಿರಿಯ ಜಡ್ಜ್‌ಗಳ ಕೂಟ, ಬಾಗಿಲು ಮುಚ್ಚಿಕೊಂಡು ಆರಿಸುವುದನ್ನು ನೋಡಿ ನೀವು ನೆಮ್ಮದಿಯಾಗಿ ನಿದ್ದೆ ಮಾಡುತ್ತೀರಾ?

ಪೇಜ್ ಸೋತು ಹೋದವರಲ್ಲ. ಅಲ್ಲಿ ಎಪ್ಪತ್ತಕ್ಕೆ ಕಡ್ಡಾಯ ನಿವೃತ್ತಿ, 2015ರ ಆಗಸ್ಟಿನಲ್ಲಿ ಕೆಳಗಿಳಿದರು.

ನಮ್ಮಲ್ಲಿ ಮುದ್ರಣದೋಷ ಬೇಕಾದಷ್ಟಿವೆ, ಆ ಬೆರಳು ಮಾತ್ರ ಅಲ್ಲ. ಆಟದಲ್ಲಿ ಮುರಿದದ್ದು, ಮತ್ತೆ ನೆಟ್ಟಗಾಗಲಿಲ್ಲ. ಕೈ ಚಾಚಿದರೆ ಉಳಿದ ಬೆರಳು ಮುಂದಕ್ಕೆ, ಕಿರುಬೆರಳೊಂದು ಪಕ್ಕಕ್ಕೆ. ಮಗಳ ಜೊತೆ ಸೇರಿ ಅವರು ಆ ಬೆರಳಿನ ಮೇಲೇ ಮಕ್ಕಳಿಗೊಂದು ಪುಸ್ತಕ ಬರೆದಿದ್ದಾರೆ.