ಇಟಲಿಯ ಹಳೆಯ ಪೋಸ್ಟ್‌ಕಾರ್ಡಿನ ಲಾಂಛನದಿಂದ ಪ್ರಕಾಶಕರನ್ನು ಗುರುತಿಸುವುದು ಹೇಗೆ?

ಚಿತ್ರದ ಬದಿಗಿಂತ ವಿಳಾಸ ಬರೆಯುವ ಬದಿಯನ್ನೇ ಮೊದಲು ಭೂತಗನ್ನಡಿಯಲ್ಲಿ ನೋಡಿ. ಲಾಂಛನ ಸಾಮಾನ್ಯವಾಗಿ ಅಂಚೆಚೀಟಿಯ ಚೌಕದೊಳಗೋ, ಎಡ ಮೂಲೆಯಲ್ಲೋ, ನಡುಗೆರೆಯ ಉದ್ದಕ್ಕೋ ಅಡಗಿರುತ್ತದೆ. ಹೆಣೆದುಕೊಂಡ ಅಕ್ಷರಗಳಷ್ಟೇ ಇದ್ದರೆ, ಪಕ್ಕದಲ್ಲಿ ಊರಿನ ಹೆಸರಿದೆಯೇ ಎಂದು ಹುಡುಕಿ, ಏಕೆಂದರೆ ತೆರ್ನಿ ಎಂದಿದ್ದರೆ ಆಲ್ತೆರೊಕ್ಕಾ ಸಂಸ್ಥೆ, ಕೋಮೋ ಎಂದಿದ್ದರೆ ಬ್ರುನ್ನರ್ ಸಂಸ್ಥೆ, ಫ್ಲಾರೆನ್ಸ್ ಎಂದಿದ್ದರೆ 1852ರಲ್ಲಿ ಆರಂಭವಾದ ಆಲಿನಾರಿ ಛಾಯಾಚಿತ್ರ ಸಂಸ್ಥೆ ಎಂದು ಊಹಿಸಿ ಹುಡುಕಾಟ ಶುರುಮಾಡಬಹುದು. ಆದರೆ ಊರು ಸುಳಿವೇ ಹೊರತು ಸಾಕ್ಷಿಯಲ್ಲ.

ಹಲವರು ಎಡವುವುದು ಇಲ್ಲಿಯೇ: ಲಾಂಛನ ಮುದ್ರಕನದ್ದಾಗಿದ್ದು, ‘ಎದಿತ್ಸಿಯೋನೆ’ (ಪ್ರಕಟಣೆ) ಅಥವಾ ಅದರ ಹ್ರಸ್ವರೂಪ ‘ಎದ್.’ ಎಂಬುದರ ಮುಂದಿನ ಹೆಸರು ಆ ಊರಿನ ತಂಬಾಕು ಅಂಗಡಿಯವನದ್ದಾಗಿರಬಹುದು. ಕಾರ್ಡನ್ನು ಮಾಡಿಸಿ ಮಾರಿದವನು ಅವನೇ ಆದ್ದರಿಂದ ನನ್ನ ಲೆಕ್ಕದಲ್ಲಿ ಪ್ರಕಾಶಕನೂ ಅವನೇ. ‘ಸ್ತಾಬ್.’ (‘ಸ್ತಾಬಿಲಿಮೆಂತೊ’, ಅಂದರೆ ಕಾರ್ಯಾಗಾರ) ಎಂದಿದ್ದರೆ ಅದು ಸಾಮಾನ್ಯವಾಗಿ ಮುದ್ರಣಾಲಯ.

ಕಾಲವೂ ನೆರವಾಗುತ್ತದೆ. ವಿಳಾಸದ ಬದಿಗೆ ನಡುಗೆರೆಯಿಲ್ಲದಿದ್ದರೆ ಕಾರ್ಡು ಬಹುಶಃ 1906ಕ್ಕಿಂತ ಹಿಂದಿನದು. ಲಾಂಛನದ ಬಳಿ ರೋಮನ್ ಅಂಕಿಯಲ್ಲಿ 12 (XII) ಎಂದು ಫ್ಯಾಸಿಸ್ಟ್ ವರ್ಷ, ಅಂದರೆ ಮುಸೊಲಿನಿಯ ಆಡಳಿತ ಬಳಸಿದ ವರ್ಷಗಣನೆ ಅಚ್ಚಾಗಿದ್ದರೆ, 1922ರ ಅಕ್ಟೋಬರ್ ಕೊನೆಯಿಂದ ಎಣಿಸಿ 1933–34 ಎಂದು ತಿಳಿಯಿರಿ.