ಮಗ್ಗದ ಸದ್ದು ಕೇಳಿಸುತ್ತಿಲ್ಲ

ನಮಸ್ಕಾರ. ನಿಮ್ಮ ಕಾದಂಬರಿಯ ಮೊದಲ ಅಧ್ಯಾಯ ಓದಿದೆ. 1840ರ ಡಿಸೆಂಬರ್, ಸ್ಕಾಟ್ಲೆಂಡಿನ ಕಿಲ್‌ಬಾರ್ಕನ್ ಹಳ್ಳಿ, ಅಲ್ಲೊಂದು ನೇಕಾರರ ಮನೆ. ಆರಿಸಿಕೊಂಡ ಜಾಗ ಚೆನ್ನಾಗಿದೆ, ಆದರೆ ಅಧ್ಯಾಯವನ್ನು ಹೀಗೇ ಪ್ರಕಟಿಸಲಾರೆ. ಹನ್ನೆರಡು ಪುಟಗಳಲ್ಲಿ ‘ಬಡತನ’ ಹದಿನೇಳು ಸಲ ಬಂದಿದೆ. ಮಗ್ಗ ಬಂದಿರುವುದು ಒಂದೇ ಸಲ, ಅದೂ ಮಹಡಿಯ ಮೂಲೆಯಲ್ಲಿ. ಆ ಮನೆಯಲ್ಲಿ ಯಾರು ಎಷ್ಟೊತ್ತಿಗೆ ಏಳಬೇಕು, ಯಾವಾಗ ಉಣ್ಣಬೇಕು ಅಂತ ತೀರ್ಮಾನಿಸುತ್ತಿದ್ದುದೇ ಮಗ್ಗ.

ಮೊದಲು ಅದನ್ನು ಮಹಡಿಯ ಹಲಗೆ ನೆಲದಿಂದ ಕೆಳಗೆ, ಮಣ್ಣಿನ ನೆಲಕ್ಕೆ ಇಳಿಸಿ. ಅಗಸೆ ನಾರಿರಲಿ, ಹತ್ತಿಯಿರಲಿ, ಗಂಜಿ ಹಚ್ಚಿದ ಹಾಸಿನ ಎಳೆಗೆ, ಅಂದರೆ ಮಗ್ಗದ ಉದ್ದಕ್ಕೆ ಹೂಡಿದ ಎಳೆಗೆ, ತೇವ ಬೇಕು. ಗಾಳಿ ಒಣಗಿದರೆ ಎಳೆ ಬಿರುಸಾಗುತ್ತದೆ, ಮಗ್ಗದ ಹಣಿಗೆ ಉಜ್ಜಿದಂತೆಲ್ಲ ಪಟಪಟ ಕಡಿಯುತ್ತದೆ. ಕೂಲಿ ಸಿಗುತ್ತಿದ್ದುದು ನೇಯ್ದ ಬಟ್ಟೆಗೆ. ಗಂಟು ಹಾಕುತ್ತ ಕೂತ ಹೊತ್ತಿಗೆ ಕಾಸಿಲ್ಲ. ಹಾಗಾಗಿ ಬಟ್ಟೆಗೆ ಬೇಕಾದ ಥಂಡಿಯಲ್ಲೇ ಮಕ್ಕಳೂ ಮಲಗಬೇಕು. ನಿಮ್ಮ ಅಧ್ಯಾಯಕ್ಕೆ ಬೇಕಾದ ಸಂಕಟ ಇಲ್ಲೇ ಇದೆ, ಅದಕ್ಕೆ ವಿಶೇಷಣ ಹಚ್ಚಬೇಕಿಲ್ಲ.

ನಿಮ್ಮ ಕಥೆಯ ಹೆಂಡತಿ ಅಡುಗೆ ಮಾಡುತ್ತಾಳೆ, ಅಳುತ್ತಾಳೆ, ಅಷ್ಟೆ. ಅವಳನ್ನು ರಾಟೆಯ ಮುಂದೆ ಕೂರಿಸಿ. ಅಡ್ಡಕ್ಕೆ ನೇಯುವ ಹೊಕ್ಕಿನ ನೂಲನ್ನು ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಗೆ ಸುತ್ತುವುದು ಹೆಂಗಸರ, ಮಕ್ಕಳ ಕೆಲಸವಾಗಿತ್ತು. ಸುತ್ತು ಸಡಿಲವಾದರೆ ಲಾಳಿಯೊಳಗೆ ನೂಲು ಜಾರಿ ಸಿಕ್ಕಾಗಿ ಮಗ್ಗ ನಿಲ್ಲುತ್ತದೆ. ಎಂಟು ವರ್ಷದ ಮಗಳು ಸುತ್ತಿದ ಕಂಡಿಕೆ ಕೈಕೊಟ್ಟು, ಸದ್ದು ನಿಂತು, ಅಪ್ಪ ತಲೆ ಎತ್ತಿ ಅವಳನ್ನು ನೋಡುವ ಗಳಿಗೆಯನ್ನು ಬರೆಯಿರಿ. ‘ಬಡತನ’ದ ಹದಿನೇಳನ್ನೂ ನೀವೇ ಹೊಡೆದುಹಾಕುತ್ತೀರಿ.

ಸೀಮೆಎಣ್ಣೆ ದೀಪ ತೆಗೆಯಿರಿ. ರಸಾಯನಶಾಸ್ತ್ರಜ್ಞ ಜೇಮ್ಸ್ ಯಂಗ್ ಪ್ಯಾರಾಫಿನ್ ಎಣ್ಣೆಗೆ, ಅಂದರೆ ಅಲ್ಲಿನ ಸೀಮೆಎಣ್ಣೆಗೆ, ಪೇಟೆಂಟ್ ಪಡೆದದ್ದೇ 1850ರಲ್ಲಿ. ಅಲ್ಲಿ ಉರಿಯಬೇಕಾದ್ದು ಕ್ರೂಸಿ: ಎಲೆಯಾಕಾರದ ಎರಡು ಕಬ್ಬಿಣದ ತಟ್ಟೆಗಳು, ಒಂದರ ಮೇಲೊಂದು. ಮೇಲಿನದರಲ್ಲಿ ಮೀನೆಣ್ಣೆ, ಜೊಂಡಿನ ತಿರುಳಿನ ಬತ್ತಿ, ಸೋರಿದ್ದು ಕೆಳಗಿನದಕ್ಕೆ. ಎಣ್ಣೆ ಇಳಿದಂತೆ ಮೇಲಿನ ತಟ್ಟೆಯನ್ನು ಮುಂದಕ್ಕೆ ಬಾಗಿಸುತ್ತಿರಬೇಕು. ಹೊಗೆ, ಕಮಟು ವಾಸನೆ ಎರಡೂ ಬರಲಿ.

ಬೆಳಗಿನ ಬ್ರೆಡ್ಡು–ಬೆಣ್ಣೆಯ ಬದಲು ಓಟ್ಸ್ ರವೆಯ ಗಂಜಿ ಮಾಡಿಸಿ. ಒಂದು ಪಾಲು ರವೆಗೆ ಮೂರು–ನಾಲ್ಕು ಪಾಲು ನೀರು. ನೀರು ಮರಳುವಾಗ ಒಂದು ಕೈಯಲ್ಲಿ ರವೆ ಉದುರಿಸುತ್ತ, ಇನ್ನೊಂದು ಕೈಯಲ್ಲಿ ಮರದ ಕೋಲಾಡಿಸಬೇಕು. ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ. ಮುದ್ದೆ ತಿರುವಿದ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಉಪ್ಪು ಕಡೆಗೆ. ಸಕ್ಕರೆ ಬೇಡ.

ಕ್ರಿಸ್ಮಸ್ ಊಟದ ನಾಲ್ಕು ಪುಟ ಪೂರ್ತಿ ಹೋಗಬೇಕು. ಪ್ರೆಸ್ಬಿಟೇರಿಯನ್ ಕ್ರೈಸ್ತ ಪಂಥದ ಹಿಡಿತವಿದ್ದ ಸ್ಕಾಟ್ಲೆಂಡಿನಲ್ಲಿ ಅದು ಹಬ್ಬವೇ ಆಗಿರಲಿಲ್ಲ. ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ಆ ದಿನ ಮಗ್ಗ ನಡೆಯಲಿ. ಸಂಭ್ರಮ ಬೇಕಿದ್ದರೆ ವರ್ಷದ ಕೊನೆಯ ರಾತ್ರಿ ಹಾಗ್ಮನೇ ಇದೆ.

ಕಾಲದ ಆಯ್ಕೆ ಮಾತ್ರ ಬಿಡಬೇಡಿ. ನಮ್ಮ ಸೀರೆಗಳಲ್ಲಿರುವ ಮಾವಿನಕಾಯಿ ಬುಟ್ಟಾ ಕಾಶ್ಮೀರಿ ಶಾಲಿನ ಮೂಲಕ ನಿಮ್ಮ ಕಥೆಯ ಹಳ್ಳಿಗೆ ಹತ್ತಿರದ ಪೇಸ್ಲಿ ಊರಿಗೆ ಹೋಗಿ, ಅಲ್ಲಿನ ಹೆಸರನ್ನೇ ಹೊತ್ತಿತು. ಆ ಪೇಸ್ಲಿಯ ಶಾಲು ವ್ಯಾಪಾರ 1841ರಿಂದ 43ರವರೆಗೆ ಕುಸಿದುಬಿತ್ತು. ನಿಮ್ಮ ಕಥೆಯ ಕುಟುಂಬ ಸರಿಯಾಗಿ ಅದರ ಹೊಸ್ತಿಲಲ್ಲಿದೆ.

ಎರಡನೇ ಅಧ್ಯಾಯ ಈಗ ಬೇಡ. ಮೊದಲನೆಯದನ್ನೇ ಮತ್ತೆ ಬರೆದು ಕಳಿಸಿ. ಆ ಕಂಡಿಕೆ ಸಿಕ್ಕಾಗಿ ಮಗ್ಗ ನಿಂತಲ್ಲಿಂದ ಶುರುವಾಗಲಿ.