ಪ್ರತಿಕ್ರಿಯೆ: ಅಂಜನದಾಗ ಖರೇನ ಏನರ ಕಾಣತೈತೇನು?

ಕಳೆದ ಬಂಗಾರಕ್ಕ ಅಂಜನ (ಕರಿ ಕಾಡಿಗ್ಯಾಗ ಹುಡುಗರಿಗೆ ಕಳ್ಳನ ಮಾರಿ ಕಾಣತೈತಿ ಅನ್ನೋ ನಂಬಿಕಿ) ಹಾಕ್ಸೋಣ ಅಂತ ಮನ್ಯಾಗ ಹಟ ಹಿಡಿದಾರ, ಹುಡುಗರಿಗೆ ಖರೇನ ಕಾಣತೈತೇನು ಅಂತ ಕೇಳೀರಿ. ಏನರ ಕಾಣತೈತ್ರಿ. ಆದ್ರ ಅದು ಕಳ್ಳನ ಮಾರಿ ಅಲ್ಲ.

ರೋಣದ ಹತ್ರ ನಮ್ಮ ಅಜ್ಜಿ ಊರಾಗ ಎತ್ತು ಕಳುವಾದಾಗ ನನ್ನನ್ನ ಕೂಡ್ರಿಸಿದ್ರು. ಹೆಬ್ಬೆರಳ ಉಗುರಿಗೆ ಎಣ್ಣಿ ಕಲಿಸಿದ ಕಾಡಿಗಿ, ಬಾಜೂಕ ದೀಪ. "ಕಸ ಹೊಡ್ಯಾಂವ ಬಂದನೇನು? ಕುರ್ಚಿ ಹಾಕಿದನೇನು? ಹನುಮಪ್ಪ ಕುಂತನೇನು?" ಅಂತ ಅಂಜನದಾಂವ ಕೇಳ್ತಿದ್ದ, ನಾ "ಹೂಂ" ಅಂತಿದ್ದೆ. ಆ ಕರಿ ಹೊಳಪಿನಾಗ ಏನೋ ಅಲುಗಾಡ್ತಿತ್ತು, ನನ್ನ ಮಾರಿನ ಇದ್ದೀತು. ಎತ್ತು ಸಿಗಲಿಲ್ಲ. ಪಾಪದ ಒಬ್ಬಾಂವನ ಮ್ಯಾಲ ಸಂಶಯ ಮಾತ್ರ ವರ್ಷಗಟ್ಟಲೆ ಉಳೀತು.

ಇದು ನಮ್ಮ ಕಡೀದಷ್ಟ ಅಲ್ಲ. 16ನೇ ಶತಮಾನದಾಗ ಇಂಗ್ಲೆಂಡಿನ ಪಂಡಿತ ಜಾನ್ ಡೀ ದೇವದೂತರನ್ನ ಕಾಣಾಕಂತ ಹೊಳೆಯೋ ಹರಳು ಇಟ್ಕೊಂಡಿದ್ದ, ಅದರಾಗ ನೋಡಿ ಹೇಳಾಕ ಎಡ್ವರ್ಡ್ ಕೆಲಿ ಅನ್ನಾಂವ ಬ್ಯಾರೆ! 2010ರಾಗ ಇಟಲಿಯ ಮನೋವಿಜ್ಞಾನಿ ಕಪೂಟೊ 50 ಮಂದೀನ ಮಬ್ಬು ಬೆಳಕಿನಾಗ 10 ನಿಮಿಷ ಕನ್ನಡಿ ಮುಂದ ಕೂಡ್ರಿಸಿ ನೋಡಿದ. ಭಾಳ ಮಂದಿಗೆ ತಮ್ಮ ಮಾರಿನ ವಿಕಾರ ಆಗಿ ಕಂಡಿತ್ತು. ಒಂದ ಕಡೆ ನೆಟ್ಟ ನೋಡಿದ್ರ ಕಣ್ಣು ದಣೀತಾವು, ಉಳಿದದ್ದನ್ನ ಮಿದುಳು ತುಂಬಿಕೊಳ್ತೈತಿ.

ಮೊದಲ ಅಕ್ಕಿ ಡಬ್ಬಿ, ಹಳೆ ಸೀರಿ ಗಂಟು ಝಾಡಿಸ್ರಿ. ಸಿಗಲಿಲ್ಲಂದ್ರ ಠಾಣೆಗೆ ಹೋಗ್ರಿ. ಹುಡುಗರನ್ನ ಮಾತ್ರ ಕೂಡ್ರಿಸಬ್ಯಾಡ್ರಿ.